ಅಚ್ಚಾಗದ ಗೆರೆಗಳು

ಗಣಕದ ಪರದೆಯ ಮೇಲೆ ಛಾಯಾಚಿತ್ರಗಳನ್ನು ತಿದ್ದಲು, ಕತ್ತರಿಸಲು, ಅಕ್ಷರಗಳೊಡನೆ ಹೊಂದಿಸಲು ಬಳಸುವ ಫೋಟೋಶಾಪ್, ಗಿಂಪ್ ಮೊದಲಾದ ತಂತ್ರಾಂಶಗಳಲ್ಲಿ, ಕೆಲಸ ಮುಗಿಯುವವರೆಗೂ ಕಣ್ಣಮುಂದೆ ಇದ್ದು ಅಚ್ಚಿನಲ್ಲಿ ಮಾತ್ರ ಎಲ್ಲಿಯೂ ಮೂಡದ ಎರಡು ಸಲಕರಣೆಗಳಿವೆ. ಚಿತ್ರದ ಮೇಲಂಚಿಗೂ ಎಡಬದಿಗೂ ಅಂಟಿಕೊಂಡಿರುವ ಅಳತೆಪಟ್ಟಿ ಒಂದು. ಆ ಪಟ್ಟಿಯೊಳಗಿನಿಂದ ಮೌಸ್ ಹಿಡಿದು ಎಳೆದು ಚಿತ್ರದ ಮೇಲೆ ನಿಲ್ಲಿಸುವ ತೆಳ್ಳನೆಯ ಆಧಾರಗೆರೆ ಇನ್ನೊಂದು. ತಂತ್ರಾಂಶದ ಮೆನುಗಳಲ್ಲಿ ಮೊದಲನೆಯದಕ್ಕೆ ರೂಲರ್ ಎಂದೂ ಎರಡನೆಯದಕ್ಕೆ ಗೈಡ್ ಎಂದೂ ಹೆಸರು. ಹಿನ್ನೆಲೆ ಅಳಿಸುವ, ಬಣ್ಣ ಬದಲಿಸುವ, ಮುಖದ ಕಲೆ ತೆಗೆಯುವ ಸಲಕರಣೆಗಳ ಬಗೆಗೆ ಕಲಿಯುವವರಿಗೆ ಇರುವ ಉತ್ಸಾಹ ಇವೆರಡರ ಬಗೆಗೆ ಇರುವುದಿಲ್ಲ. ಆದರೆ ಒಂದು ಲಗ್ನಪತ್ರಿಕೆಯನ್ನೋ ಅಂಗಡಿಯ ಫಲಕವನ್ನೋ ಕಂಡಾಗ ತಪ್ಪೇನೆಂದು ಹೇಳಲಾಗದಿದ್ದರೂ ಎಲ್ಲೋ ಸೊಟ್ಟಗಿದೆ ಎಂದು ನೋಡುವವರಿಗೆ ಅನ್ನಿಸುತ್ತದೆಯಲ್ಲ, ಅದಕ್ಕೆ ಬಹುಮಟ್ಟಿನ ಕಾರಣ ಈ ಎರಡನ್ನು ಮುಟ್ಟದೆ ಕಣ್ಣಳತೆಯಲ್ಲಿಯೇ ಕೆಲಸ ಮುಗಿಸಿರುವುದು.

ಗೆರೆ ಹಿಡಿದು ಕೆಲಸ ಮಾಡುವ ಕ್ರಮ ಗಣಕಕ್ಕಿಂತ ಎಷ್ಟೋ ಹಳೆಯದು. ಗಾರೆ ಕೆಲಸದವರು ಗೋಡೆಯ ಎರಡು ತುದಿಗೆ ದಾರ ಬಿಗಿದು ಅದರ ಗುಂಟ ಇಟ್ಟಿಗೆ ಕೂರಿಸುತ್ತಾರೆ, ಮೇಲಿನಿಂದ ತೂಗುಗುಂಡು ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡುತ್ತಾರೆ. ಗೋಡೆ ಎದ್ದ ಮೇಲೆ ದಾರವೂ ಇರುವುದಿಲ್ಲ, ಗುಂಡೂ ಇರುವುದಿಲ್ಲ. ಮಯಮತವೆಂಬ ವಾಸ್ತುಗ್ರಂಥ ಹೇಳುವ ನಾಲ್ಕು ಬಗೆಯ ಶಿಲ್ಪಿಗಳಲ್ಲಿ ಸ್ಥಪತಿಯ ಜೊತೆಗೆ ಸೂತ್ರಗ್ರಾಹಿ, ಅಂದರೆ ದಾರ ಹಿಡಿಯುವವನು, ಒಬ್ಬನಿದ್ದಾನೆ ಎಂಬುದನ್ನು ನೆನೆದರೆ, ಗೆರೆ ಹಾಕುವ ಕೆಲಸಕ್ಕೆ ಹಿಂದಿನವರು ಕೊಟ್ಟಿದ್ದ ಬೆಲೆ ತಿಳಿಯುತ್ತದೆ. ಮನೆಯಂಗಳದ ಚುಕ್ಕಿ ರಂಗೋಲಿಯಲ್ಲಿಯೂ ಇದೇ ತತ್ತ್ವವಿದೆ. ಮೊದಲು ಸಮನಾದ ಅಂತರದಲ್ಲಿ ಚುಕ್ಕಿಗಳು, ಆಮೇಲೆ ಅವುಗಳನ್ನು ಕೂಡಿಸುವ ಅಥವಾ ಸುತ್ತಿಬರುವ ಎಳೆ. ಚುಕ್ಕಿಯ ಸಾಲು ತಪ್ಪಿದರೆ ಎಳೆ ಎಷ್ಟೇ ಅಂದವಾಗಿದ್ದರೂ ರಂಗೋಲಿ ಕೂಡಿಬರುವುದಿಲ್ಲ. ತಂತ್ರಾಂಶಗಳಲ್ಲಿ ಗ್ರಿಡ್ ಎಂದು ಕರೆಯುವ ಚೌಕಳಿಜಾಲವನ್ನು ಈ ಚುಕ್ಕಿಗಳಿಗೂ, ಬೇಕಾದ ಒಂದೆರಡು ಕಡೆ ಮಾತ್ರ ಎಳೆಯುವ ಗೈಡನ್ನು ಗಾರೆಯವರ ದಾರಕ್ಕೂ ಹೋಲಿಸಿದರೆ ಎರಡರ ವ್ಯತ್ಯಾಸ ಬೇರೆ ವಿವರಣೆಯಿಲ್ಲದೆ ಸ್ಪಷ್ಟವಾಗುತ್ತದೆ.

ಮುದ್ರಣದ ಚರಿತ್ರೆಯಲ್ಲಿ ಈ ಗೆರೆಗಳಿಗೆ ಇನ್ನೂ ಹತ್ತಿರದ ನೆಂಟನೊಬ್ಬನಿದ್ದಾನೆ. ಅಚ್ಚುಮೊಳೆಗಳ ಕಾಲದಲ್ಲಿ ಸಾಲು ನೇರವಾಗಿ ಕೂರುವುದಕ್ಕೆ ಲೋಹವೇ ಹೊಣೆಯಾಗಿತ್ತು. ಒಂದೇ ಎತ್ತರಕ್ಕೆ ಎರಕಹೊಯ್ದ ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದ ಮೇಲೆ ಸಾಲು ಅಲುಗಾಡಲು ಎಡೆಯಿರಲಿಲ್ಲ. ಆಫ್‌ಸೆಟ್ ಮುದ್ರಣ ಬಂದು, ಅಕ್ಷರದ ಪಟ್ಟಿಗಳನ್ನೂ ಚಿತ್ರಗಳನ್ನೂ ಬಿಳಿಯ ರಟ್ಟಿನ ಮೇಲೆ ಅಂಟಿಸಿ ಆ ಇಡೀ ಹಾಳೆಯ ಛಾಯಾಚಿತ್ರ ತೆಗೆಯುವ ಪೇಸ್ಟ್‌ಅಪ್ ಪದ್ಧತಿ ಬಳಕೆಗೆ ಬಂದಾಗ ಆ ಹೊಣೆ ಕಲಾವಿದನ ಕೈಗೆ ಬಂತು. ಆತ ಅಂಚು, ಅಂಕಣ, ಮಧ್ಯ ಎಲ್ಲವನ್ನೂ ಗುರುತಿಸಲು ತಿಳಿನೀಲಿಯ ವಿಶೇಷ ಪೆನ್ಸಿಲನ್ನು ಬಳಸುತ್ತಿದ್ದ. ಛಾಪಖಾನೆಯ ಕ್ಯಾಮೆರಾದಲ್ಲಿ ಬಳಸುತ್ತಿದ್ದ ಫಿಲ್ಮು ನೀಲಿ ಬೆಳಕಿಗೆ ಬಹಳ ಸೂಕ್ಷ್ಮವಾದದ್ದಾಗಿದ್ದರಿಂದ ಅದಕ್ಕೆ ತಿಳಿನೀಲಿಯೂ ಬಿಳಿಯ ಕಾಗದವೂ ಒಂದೇ ಆಗಿ ಕಾಣುತ್ತಿದ್ದವು. ಹೀಗಾಗಿ ಗೆರೆ ಕಣ್ಣಿಗೆ ಕಂಡರೂ ಅಚ್ಚಿಗೆ ಇಳಿಯುತ್ತಿರಲಿಲ್ಲ. ಇಂದಿನ ಫೋಟೋಶಾಪ್‌ನಲ್ಲಿ ಗೈಡಿನ ಮೂಲಬಣ್ಣ ತಿಳಿನೀಲಿಯೇ, ಗಿಂಪ್‌ನಲ್ಲಿ ಅದು ನೀಲಿಯ ತುಂಡುಗೆರೆ. ಇದು ಆ ಪೆನ್ಸಿಲಿನ ನೇರ ವಾರಸಿಕೆಯೆಂದು ಸಾಧಿಸುವ ಅಗತ್ಯವಿಲ್ಲ. ಕಂಡೂ ಅಚ್ಚಾಗದಿರುವ ಗುಣವಂತೂ ಎರಡಕ್ಕೂ ಒಂದೇ.

ಥಾಮಸ್ ಮತ್ತು ಜಾನ್ ನಾಲ್ ಸಹೋದರರು ರೂಪಿಸಿದ ಫೋಟೋಶಾಪ್‌ನ ಮೊದಲ ಆವೃತ್ತಿ 1990ರಲ್ಲಿ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಗಿಂಪ್‌ನ ಕೆಲಸ ತೊಡಗಿದರು. ಗಿಂಪ್ ಯಾರು ಬೇಕಾದರೂ ಹಣವಿಲ್ಲದೆ ಪಡೆದು ಬಳಸಬಹುದಾದ ಮುಕ್ತ ತಂತ್ರಾಂಶ. ಅಳತೆಪಟ್ಟಿ ಮತ್ತು ಗೈಡುಗಳ ಮಟ್ಟಿಗೆ ಎರಡರ ನಡುವೆ ದೊಡ್ಡ ಅಂತರವಿಲ್ಲವಾದ್ದರಿಂದ ಇಲ್ಲಿನ ವಿವರಣೆ ಎರಡಕ್ಕೂ ಹೊಂದುತ್ತದೆ. ವ್ಯತ್ಯಾಸವಿರುವಲ್ಲಿ ಹೆಸರು ಹೇಳಲಾಗಿದೆ.

ಹೆಸರಿನ ಮಾತು ಬಂದಾಗ ಕನ್ನಡಿಗರು ಎಡವುವ ಒಂದು ಜಾಗವನ್ನು ಮೊದಲೇ ತೋರಿಸಿಬಿಡುವುದು ಒಳ್ಳೆಯದು. ನಮ್ಮ ಶಾಲೆಗಳಲ್ಲಿ ರೂಲರ್ ಎಂಬ ಮಾತಿಗೆ ಬಳಕೆಯಿಲ್ಲ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಇರುವುದು ಸ್ಕೇಲು. ತಂತ್ರಾಂಶದಲ್ಲಿಯಾದರೋ ಸ್ಕೇಲ್ ಎಂದರೆ ಚಿತ್ರವನ್ನು ಹಿಗ್ಗಿಸುವ, ಕುಗ್ಗಿಸುವ ಕ್ರಿಯೆ. ಅಳತೆಗೆಂದು ಸ್ಕೇಲನ್ನು ಹುಡುಕಿ ಆ ಹೆಸರಿನ ಮೆನುವನ್ನು ಒತ್ತಿದವರು ಚಿತ್ರದ ಗಾತ್ರವನ್ನೇ ಬದಲಿಸಿಕೊಂಡು ಕೂರುವ ಅಪಾಯವಿದೆ. ಅಳತೆಪಟ್ಟಿ ಬೇಕಾದರೆ ಹೋಗಬೇಕಾದದ್ದು ವ್ಯೂ ಮೆನುವಿಗೆ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಅದು ಮೂಡುತ್ತದೆ, ಮತ್ತೆ ಒತ್ತಿದರೆ ಮರೆಯಾಗುತ್ತದೆ.

ಪಟ್ಟಿಗಳು ಎರಡು: ಮೇಲಿನದು ಅಗಲವನ್ನು, ಎಡದ್ದು ಎತ್ತರವನ್ನು ಹೇಳುತ್ತದೆ. ಎರಡೂ ಸೇರುವ ಎಡ ಮೇಲ್ಮೂಲೆಯೇ ಸೊನ್ನೆ. ಶಾಲೆಯ ನಕ್ಷೆ ಕಾಗದದಲ್ಲಿ ಸೊನ್ನೆಯಿಂದ ಮೇಲಕ್ಕೆ ಹೋದಂತೆ ಸಂಖ್ಯೆ ಏರಿದರೆ ಇಲ್ಲಿ ಕೆಳಕ್ಕೆ ಇಳಿದಂತೆ ಏರುತ್ತದೆ; ಹಳೆಯ ಟಿವಿಯ ಗಾಜಿನ ಕೊಳವೆಯಲ್ಲಿ ಚಿತ್ರ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಎಡದಿಂದ ಬಲಕ್ಕೆ ಮೂಡುತ್ತಿದ್ದ ಕ್ರಮವನ್ನೇ ಗಣಕಗಳು ಉಳಿಸಿಕೊಂಡು ಬಂದಿವೆ. ಫೋಟೋಶಾಪ್‌ನಲ್ಲಿ ಆ ಮೂಲೆಯ ಚೌಕವನ್ನು ಹಿಡಿದು ಎಳೆದರೆ ಸೊನ್ನೆಯನ್ನು ಚಿತ್ರದ ಬೇರೆ ಯಾವ ಬಿಂದುವಿಗಾದರೂ ಒಯ್ಯಬಹುದು, ಅದೇ ಚೌಕದ ಮೇಲೆ ಎರಡು ಬಾರಿ ಒತ್ತಿದರೆ ಸೊನ್ನೆ ಸ್ವಸ್ಥಾನಕ್ಕೆ ಮರಳುತ್ತದೆ. ಚಿತ್ರದೊಳಗಿನ ಒಂದು ಕಿಟಕಿಯ ಮೂಲೆಯಿಂದ ಬಾಗಿಲಿನವರೆಗೆ ಎಷ್ಟು ದೂರ ಎಂದು ಕಳೆಯುವ ಲೆಕ್ಕವಿಲ್ಲದೆ ತಿಳಿಯಲು ಇದು ಸುಲಭದ ದಾರಿ.

ಅಳತೆಯ ಮಾನವನ್ನು ಆರಿಸುವುದು ಬಳಸುವವರ ಕೈಯಲ್ಲಿದೆ. ಫೋಟೋಶಾಪ್‌ನಲ್ಲಿ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ, ಗಿಂಪ್‌ನಲ್ಲಿ ಕಿಟಕಿಯ ತಳದ ಸಣ್ಣ ಪೆಟ್ಟಿಗೆಯನ್ನು ತೆರೆದರೆ ಪಿಕ್ಸೆಲ್, ಮಿಲಿಮೀಟರ್, ಸೆಂಟಿಮೀಟರ್, ಇಂಚು, ಪಾಯಿಂಟ್ ಎಂಬ ಆಯ್ಕೆಗಳು ಕಾಣುತ್ತವೆ. ಪಾಯಿಂಟ್ ಎಂಬುದು ಅಕ್ಷರದ ಗಾತ್ರಕ್ಕೆ ಡಿಟಿಪಿಯವರು ದಿನವೂ ಹೇಳುವ ಮಾನ. ಗಣಕಗಳಲ್ಲಿ ಅದು ಇಂಚಿನ 72ನೆಯ ಒಂದು ಭಾಗ. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟಿರುವ ಅತಿ ಸಣ್ಣ ಬಣ್ಣದ ಚೌಕ. ಇವುಗಳಲ್ಲಿ ಪಿಕ್ಸೆಲ್ ಒಂದೇ ಚಿತ್ರಕ್ಕೆ ಸಹಜವಾದ ಮಾನ, ಉಳಿದವೆಲ್ಲ ಹೊರಗಿನಿಂದ ಹೇರಿದವು ಎಂಬುದನ್ನು ತಿಳಿಯದವರಿಗೆ ಅಳತೆಪಟ್ಟಿ ಸುಳ್ಳು ಹೇಳುತ್ತಿರುವಂತೆ ತೋರುತ್ತದೆ.

ಅಗಲದಲ್ಲಿ 4000, ಎತ್ತರದಲ್ಲಿ 3000 ಪಿಕ್ಸೆಲ್‌ಗಳಿರುವ ಒಂದು ಛಾಯಾಚಿತ್ರವನ್ನು ತೆಗೆದುಕೊಳ್ಳಬಹುದು. ಅದರ ರೆಸಲ್ಯೂಶನ್, ಅಂದರೆ ಕಾಗದದ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್‌ಗಳನ್ನು ಕೂರಿಸಬೇಕು ಎಂಬ ಸೂಚನೆ, 72 ಎಂದಿದ್ದರೆ ಮೇಲಿನ ಪಟ್ಟಿ ಚಿತ್ರದ ಅಗಲವನ್ನು ಸುಮಾರು 141 ಸೆಂಟಿಮೀಟರ್ ಎಂದು ತೋರಿಸುತ್ತದೆ. ಅದೇ ಸೂಚನೆಯನ್ನು 300ಕ್ಕೆ ಬದಲಿಸಿದರೆ ಅದು 34 ಸೆಂಟಿಮೀಟರಿಗೂ ತುಸು ಕಡಿಮೆ. ಚಿತ್ರದಲ್ಲಿ ಒಂದು ಪಿಕ್ಸೆಲೂ ಹೆಚ್ಚಿಲ್ಲ, ಒಂದೂ ಕಳೆದಿಲ್ಲ. ಹಿಟ್ಟು ಅಷ್ಟೇ ಇರುವಾಗ ರೊಟ್ಟಿಯನ್ನು ಎಷ್ಟು ಅಗಲಕ್ಕೆ ತಟ್ಟಬೇಕೆಂಬ ತೀರ್ಮಾನವಷ್ಟೇ ಬದಲಾಗಿದೆ. ಅಂಗಡಿಗಳಲ್ಲಿ ಡಿಪಿಐ ಎಂದು ಕರೆಯುವುದು ಸಾಮಾನ್ಯವಾಗಿ ಈ ಸಂಖ್ಯೆಯನ್ನೇ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ 300 ರೂಢಿಯಲ್ಲಿರುವ ಸಂಖ್ಯೆ; ಆ ಲೆಕ್ಕದಲ್ಲಿ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಎತ್ತರದ ಎ4 ಹಾಳೆ ಎಂದರೆ 2480 ಮತ್ತು 3508 ಪಿಕ್ಸೆಲ್. ಆದ್ದರಿಂದ ಪಟ್ಟಿಯನ್ನು ಮಿಲಿಮೀಟರಿನಲ್ಲಿ ಓದುವ ಮೊದಲು ರೆಸಲ್ಯೂಶನ್ ಏನಿದೆ ಎಂದು ನೋಡಿಕೊಳ್ಳದೆ ಗೈಡು ಎಳೆಯುವುದು, ತಕ್ಕಡಿಯ ಮುಳ್ಳು ನೋಡದೆ ತೂಕ ಹಾಕಿದ ಹಾಗೆ.

ಇದೇ ಗೊಂದಲದ ಇನ್ನೊಂದು ಮುಖವೆಂದರೆ, ಪರದೆಯ ಮೇಲಿನ ಪಟ್ಟಿ 10 ಸೆಂಟಿಮೀಟರ್ ಎಂದು ತೋರಿಸುವ ಜಾಗಕ್ಕೆ ನಿಜವಾದ ಸ್ಕೇಲನ್ನು ಹಿಡಿದರೆ ಅದು 6 ಇರಬಹುದು, 25 ಇರಬಹುದು. ಚಿತ್ರವನ್ನು ಹತ್ತಿರ ತಂದು ನೋಡುವಾಗ ಪಟ್ಟಿಯ ಗುರುತುಗಳೂ ಅಗಲವಾಗಿ ಹರಡಿ, ನಡುವೆ ಇನ್ನೂ ಸಣ್ಣ ಗುರುತುಗಳು ಮೂಡುತ್ತವೆ. ದೂರ ಸರಿಸಿದಾಗ ಅವು ಒತ್ತಾಗುತ್ತವೆ. ಪಟ್ಟಿ ಹೇಳುತ್ತಿರುವುದು ಕಾಗದದ ಅಳತೆಯನ್ನೇ ಹೊರತು ಗಾಜಿನದನ್ನಲ್ಲ.

ಗೈಡನ್ನು ಹುಟ್ಟಿಸುವುದು ಪಟ್ಟಿಯೇ. ಮೇಲಿನ ಪಟ್ಟಿಯೊಳಗೆ ಮೌಸಿನ ಗುಂಡಿ ಒತ್ತಿ ಹಿಡಿದು ಕೆಳಕ್ಕೆ ಎಳೆದರೆ ಅಡ್ಡಗೆರೆ, ಎಡದ ಪಟ್ಟಿಯಿಂದ ಬಲಕ್ಕೆ ಎಳೆದರೆ ಲಂಬಗೆರೆ. ಬೇಡವಾದ ಗೆರೆಯನ್ನು ಮೂವ್ ಎಂಬ ಸಲಕರಣೆಯಿಂದ ಹಿಡಿದು ಮತ್ತೆ ಪಟ್ಟಿಯೊಳಕ್ಕೆ ತಳ್ಳಿದರೆ ಅದು ಅಲ್ಲಿಗೇ ಮರಳಿ ಸೇರಿಹೋಗುತ್ತದೆ. ಕೈಯಿಂದ ಎಳೆಯುವಾಗ ಒಂದೆರಡು ಪಿಕ್ಸೆಲ್ ಆಚೀಚೆ ಆಗುವುದು ಸಹಜವಾದ್ದರಿಂದ ನಿಖರತೆ ಬೇಕಾದಲ್ಲಿ ಸಂಖ್ಯೆಯನ್ನೇ ಬರೆದು ಗೆರೆ ತರಿಸುವುದು ಮೇಲು: ಫೋಟೋಶಾಪ್‌ನ ವ್ಯೂ ಮೆನುವಿನಲ್ಲಿರುವ ನ್ಯೂ ಗೈಡ್ ಪೆಟ್ಟಿಗೆಯಲ್ಲಿ ಮಿಲಿಮೀಟರಿನ ಸಂಖ್ಯೆಯನ್ನೋ ಶೇಕಡಾ 50 ಎಂದೋ ಬರೆಯಬಹುದು, ಗಿಂಪ್‌ನ ಇಮೇಜ್ ಮೆನುವಿನಲ್ಲಿ ಪಿಕ್ಸೆಲ್ ಲೆಕ್ಕಕ್ಕೊಂದು ಮತ್ತು ಶೇಕಡಾ ಲೆಕ್ಕಕ್ಕೊಂದು ಬೇರೆಬೇರೆ ಪೆಟ್ಟಿಗೆಗಳಿವೆ. ಶೇಕಡಾ 50ರ ಒಂದು ಅಡ್ಡಗೆರೆ, ಒಂದು ಲಂಬಗೆರೆ ಹಾಕಿದರೆ ಚಿತ್ರದ ನಟ್ಟನಡು ಸಿಕ್ಕಿತು. ಗೆರೆಗಳನ್ನು ಬೀಗ ಹಾಕಿ ಅಲುಗದಂತೆ ಮಾಡುವ ಲಾಕ್ ಗೈಡ್ಸ್ ಫೋಟೋಶಾಪ್‌ನಲ್ಲಿದೆ. ಅದನ್ನು ಬಳಸದೆ ಚಿತ್ರ ಸರಿಸಲು ಹೋಗಿ ಗೆರೆಯನ್ನೇ ಸರಿಸಿ, ಆ ಸರಿದ ಗೆರೆಗೆ ಉಳಿದ ಎಲ್ಲವನ್ನೂ ಹೊಂದಿಸಿದ ಕೆಲಸಗಳು ಲೋಕದಲ್ಲಿ ಸಾಕಷ್ಟಿವೆ. ನೀಲಿ ಆಕಾಶದ ಚಿತ್ರದ ಮೇಲೆ ನೀಲಿ ಗೆರೆ ಕಾಣದಿದ್ದರೆ ಬಣ್ಣ ಬದಲಿಸಿಕೊಳ್ಳಲೂ ಫೋಟೋಶಾಪ್‌ನಲ್ಲಿ ಅವಕಾಶವಿದೆ.

ಗೆರೆ ಕೇವಲ ಕಣ್ಣಿಗೆ ಕಾಣುವಷ್ಟಕ್ಕೆ ನಿಂತಿದ್ದರೆ ಅದರ ಉಪಯೋಗ ಅರ್ಧವೇ. ಅದಕ್ಕೆ ಪೂರ್ಣ ಬಲ ಬರುವುದು ಸ್ನ್ಯಾಪ್ ಎಂಬ ಗುಣದಿಂದ. ಸ್ನ್ಯಾಪ್ ಚಾಲೂ ಇದ್ದಾಗ ಎಳೆದು ತರುತ್ತಿರುವ ಚಿತ್ರದ ಅಂಚು ಗೆರೆಯ ಹತ್ತಿರಕ್ಕೆ ಬಂದೊಡನೆ, ಅಯಸ್ಕಾಂತಕ್ಕೆ ಗುಂಡುಸೂಜಿ ಹಾರಿ ಅಂಟಿಕೊಳ್ಳುವಂತೆ, ಗೆರೆಗೆ ಅಂಟಿ ನಿಲ್ಲುತ್ತದೆ. ಈ ಕಲ್ಪನೆಯ ಮೂಲ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ 1963ರಲ್ಲಿ ತಮ್ಮ ಸಂಶೋಧನ ಪ್ರಬಂಧಕ್ಕಾಗಿ ಟಿಎಕ್ಸ್-2 ಎಂಬ ಗಣಕದ ಮೇಲೆ ರೂಪಿಸಿದ ಸ್ಕೆಚ್‌ಪ್ಯಾಡ್‌ನಲ್ಲಿದೆ. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೀಚುವಾಗ ಕೈ ನಡುಗುವುದು ಅನಿವಾರ್ಯವೆಂದು ಕಂಡುಕೊಂಡ ಅವರು, ಲೇಖನಿಯ ತುದಿ ಈಗಾಗಲೇ ಇರುವ ಗೆರೆಯ ಅಥವಾ ಬಿಂದುವಿನ ಸಮೀಪಕ್ಕೆ ಬಂದರೆ ಅದು ಆ ಗೆರೆಯ ಮೇಲೆಯೇ ಇದೆಯೆಂದು ಗಣಕ ತಿಳಿಯುವಂತೆ ಮಾಡಿದರು. ಮನುಷ್ಯನ ಕೈಯ ಅಂದಾಜನ್ನು ಯಂತ್ರದ ನಿಖರತೆಯಾಗಿ ಮಾರ್ಪಡಿಸಿದ ಈ ಸಣ್ಣ ಉಪಾಯ 60 ವರ್ಷ ದಾಟಿದರೂ ಬಹುಮಟ್ಟಿಗೆ ಹಾಗೆಯೇ ಇದೆ. ಆದರೆ ಹತ್ತಿಪ್ಪತ್ತು ಗೆರೆಗಳನ್ನು ಎಳೆದಿಟ್ಟುಕೊಂಡು ಸ್ನ್ಯಾಪನ್ನು ಚಾಲೂ ಬಿಟ್ಟರೆ ಚಿತ್ರ ಎತ್ತ ಸರಿಸಿದರೂ ಯಾವುದೋ ಒಂದು ಗೆರೆ ಅದನ್ನು ಕಚ್ಚಿಕೊಳ್ಳುತ್ತದೆ. ಗೆರೆಗಳು ಮಿತವಾಗಿದ್ದಷ್ಟೂ ಕೆಲಸ ಹಗುರ.

ಊರೂರಿನ ಫೋಟೋ ಸ್ಟುಡಿಯೋಗಳಲ್ಲಿ ನಡೆಯುವ ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಎಲ್ಲ ಮಾತುಗಳೂ ಒಂದೆಡೆ ಕೂಡುತ್ತವೆ. ಅರ್ಜಿಗಳಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜ್ ಫೋಟೋ ಸಾಮಾನ್ಯವಾಗಿ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ್ದು. ಅದನ್ನು ಮುದ್ರಿಸುವ 4×6 ಇಂಚಿನ ಕಾಗದವನ್ನು ಅಡ್ಡವಾಗಿ ಹಿಡಿದರೆ 152.4 ಮಿಲಿಮೀಟರ್ ಅಗಲ, 101.6 ಮಿಲಿಮೀಟರ್ ಎತ್ತರ. ಅಡ್ಡಕ್ಕೆ 4, ಕೆಳಕ್ಕೆ 2, ಹೀಗೆ 8 ಫೋಟೋಗಳು ಅದರಲ್ಲಿ ಹಿಡಿಯುತ್ತವೆ. ಕತ್ತರಿಗೆ ಜಾಗವಿರಲೆಂದು ಫೋಟೋಗಳ ನಡುವೆ 2 ಮಿಲಿಮೀಟರ್ ಬಿಟ್ಟರೆ ಅಗಲದಲ್ಲಿ 146 ಮಿಲಿಮೀಟರ್ ಖರ್ಚಾಗಿ, ಉಳಿದ 6.4ನ್ನು ಎರಡು ಬದಿಗೆ ಹಂಚಿದಾಗ ತಲಾ 3.2 ಸಿಗುತ್ತದೆ, ಎತ್ತರದಲ್ಲಿ 92 ಹೋಗಿ, ಮೇಲೂ ಕೆಳಗೂ ತಲಾ 4.8 ಉಳಿಯುತ್ತದೆ. ಇನ್ನು ಇದನ್ನು 300 ರೆಸಲ್ಯೂಶನ್ನಿನ ಪಿಕ್ಸೆಲ್‌ಗಳಿಗೆ ಇಳಿಸಬೇಕು. ಕಾಗದ 1800 ಮತ್ತು 1200 ಪಿಕ್ಸೆಲ್ ಆಗುತ್ತದೆ, ಒಂದೊಂದು ಫೋಟೋ 413 ಮತ್ತು 531. ಲಂಬಗೆರೆಗಳು 38, 451, 475, 888, 912, 1325, 1349, 1762ರಲ್ಲಿ ಬೀಳುತ್ತವೆ, ಅಡ್ಡಗೆರೆಗಳು 57, 588, 612, 1143ರಲ್ಲಿ.

ಒಟ್ಟು 12 ಗೆರೆಗಳು. ಇವುಗಳನ್ನು ಒಮ್ಮೆ ಹಾಕಿ, ಗಿಂಪ್‌ನ ಎಕ್ಸ್‌ಸಿಎಫ್ ಅಥವಾ ಫೋಟೋಶಾಪ್‌ನ ಪಿಎಸ್‌ಡಿ ರೂಪದಲ್ಲಿ ಖಾಲಿ ಹಾಳೆಯನ್ನು ಉಳಿಸಿಟ್ಟುಕೊಂಡರೆ ಗೆರೆಗಳೂ ಕಡತದೊಡನೆ ಉಳಿಯುತ್ತವೆ. ನಾಳೆ ಇನ್ನೊಬ್ಬರ ಫೋಟೋ ಬಂದಾಗ ಸ್ನ್ಯಾಪ್ ಹಿಡಿದು ಎಂಟು ಬಾರಿ ಕೂರಿಸಿದರೆ ಮುಗಿಯಿತು. 35 ಮಿಲಿಮೀಟರ್ ಎಂದರೆ ಲೆಕ್ಕದ ಪ್ರಕಾರ 413.39 ಪಿಕ್ಸೆಲ್, ಬಿಟ್ಟ ಆ ಭಿನ್ನರಾಶಿ ಏನಾಯಿತು ಎಂದು ಕೇಳುವವರಿದ್ದರೆ, ಅದು ಕಾಗದದ ಮೇಲೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆದರೂ ಅದನ್ನು ಪೂರ್ಣಸಂಖ್ಯೆಗೆ ತರುವುದು ಅಗತ್ಯ. ಪಿಕ್ಸೆಲಿನ ನಡುಮಧ್ಯದಲ್ಲಿ ಅಂಚು ಬಿದ್ದರೆ ತಂತ್ರಾಂಶ ಅರ್ಧ ಬಣ್ಣವನ್ನು ತುಂಬಿ ಅಂಚನ್ನು ಮಸುಕು ಮಾಡುತ್ತದೆ.

ಇಷ್ಟರವರೆಗೆ ಹೇಳಿದ್ದು ಯಾವ ಭಾಷೆಯವರಿಗಾದರೂ ಹೊಂದುವ ಮಾತು. ಕನ್ನಡದಲ್ಲಿ ಫಲಕ, ಆಹ್ವಾನ, ಮುಖಪುಟಗಳನ್ನು ಮಾಡುವವರಿಗೆ ಗೈಡು ಇನ್ನೂ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಕನ್ನಡದ ಅಕ್ಷರ ನಡುಸಾಲಿನಲ್ಲಿ ಮಾತ್ರ ನಿಲ್ಲುವುದಿಲ್ಲ. ಗುಡಿಸು ಮೇಲಕ್ಕೆ ಏರುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ದರ್ಶಿನಿಯೊಂದರ ತಿಂಡಿಫಲಕವನ್ನು ಫೋಟೋಶಾಪ್‌ನಲ್ಲಿ ಸಿದ್ಧಪಡಿಸುವಾಗ ಇಡ್ಲಿ, ವಡೆ, ದೋಸೆ, ಉಪ್ಪಿಟ್ಟು ಎಂಬ ನಾಲ್ಕು ಹೆಸರುಗಳನ್ನು ಒಂದೇ ಸಾಲಿನ ನಾಲ್ಕು ಚೌಕಗಳಲ್ಲಿ ಇಟ್ಟು, ಪ್ರತಿಯೊಂದನ್ನೂ ಚೌಕದ ನಡುವಿಗೆ ತರಲು ಅಲೈನ್ ಎಂಬ ಸ್ವಯಂಚಾಲಿತ ಆಜ್ಞೆಯನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ತಂತ್ರಾಂಶಕ್ಕೆ ಅಕ್ಷರ ತಿಳಿಯದು, ಅದು ಬಲ್ಲದ್ದು ಮಸಿ ಬಿದ್ದಿರುವ ಜಾಗದ ಮೇಲ್ತುದಿ ಮತ್ತು ಕೆಳತುದಿ. ವಡೆಗೆ ಕೆಳಗೆ ಒತ್ತಿಲ್ಲ, ದೋಸೆಗೂ ಇಲ್ಲ; ಅವು ನಡುವಿಗೆ ಬಂದು ನಿಲ್ಲುತ್ತವೆ. ಇಡ್ಲಿಯಲ್ಲಿ ಡಕಾರದ ಕೆಳಗೆ ಲಕಾರದ ಒತ್ತಿದೆ, ಉಪ್ಪಿಟ್ಟಿನಲ್ಲಿ ಎರಡು ಒತ್ತುಗಳಿವೆ. ಆ ಒತ್ತುಗಳನ್ನೂ ಸೇರಿಸಿ ನಡು ಲೆಕ್ಕಹಾಕಿದ ತಂತ್ರಾಂಶ ಈ ಎರಡು ಹೆಸರುಗಳ ಒಡಲನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಲೆಕ್ಕ ಸರಿ, ಫಲಕ ಸೊಟ್ಟ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇದೇ ತಿಂಡಿಗಳನ್ನು ಬರೆದರೆ ಈ ತೊಡಕು ಬಾರದು, ಏಕೆಂದರೆ ಅವೆಲ್ಲ ಒಂದೇ ಎತ್ತರದವು. ತಂತ್ರಾಂಶದ ಸ್ವಯಂಚಾಲಿತ ವಿವೇಕವೆಲ್ಲ ಆ ಲಿಪಿಯನ್ನು ಮುಂದಿಟ್ಟುಕೊಂಡೇ ಬೆಳೆದದ್ದೆಂಬ ಅನುಮಾನ ಇಲ್ಲಿ ಬಲವಾಗುತ್ತದೆ.

ಪರಿಹಾರ ಕಾಪಿಪುಸ್ತಕದಲ್ಲಿಯೇ ಇದೆ. ಮಕ್ಕಳು ಕನ್ನಡ ಕಾಪಿ ಬರೆಯುವಾಗ ಜೋಡಿಗೆರೆಗಳ ನಡುವೆ ಅಕ್ಷರದ ಒಡಲನ್ನು ಕೂರಿಸಿ ಒತ್ತನ್ನು ಕೆಳಗಿನ ಗೆರೆಯಿಂದ ಹೊರಕ್ಕೆ ಬಿಡುತ್ತಾರೆ. ಅದೇ ರೀತಿ ಫಲಕದ ಮೇಲೆ ತಲೆಕಟ್ಟಿನ ಮಟ್ಟಕ್ಕೆ ಒಂದು ಗೈಡು, ಒಡಲಿನ ಪಾದಕ್ಕೆ ಇನ್ನೊಂದು, ಒತ್ತು ಇಳಿಯುವ ಕೊನೆಗೆ ಮೂರನೆಯದು ಎಂದು ಎಳೆದು, ಎಲ್ಲ ಹೆಸರುಗಳನ್ನೂ ಪಾದದ ಗೆರೆಗೆ ಕೂರಿಸಿದರೆ ಸಾಲು ಒಂದೇ ನೋಟಕ್ಕೆ ನೆಟ್ಟಗಾಗುತ್ತದೆ. ತಲೆಕಟ್ಟಿನ ಗೆರೆಯನ್ನೇ ನೆಚ್ಚಿಕೊಳ್ಳದೆ ಪಾದದ ಗೆರೆಯನ್ನು ಮುಖ್ಯವಾಗಿ ಹಿಡಿಯಬೇಕಾದುದಕ್ಕೆ ಕಾರಣವಿದೆ: ದೇವನಾಗರಿಯ ತಲೆಗೆರೆಯಂತೆ ಕನ್ನಡದ ತಲೆಕಟ್ಟು ಪದದುದ್ದಕ್ಕೂ ಹರಿಯುವುದಿಲ್ಲ, ಖ, ಜ, ಣ, ಬ, ಲ ಮುಂತಾದ ಅಕ್ಷರಗಳಿಗೆ ಅದು ಇಲ್ಲವೇ ಇಲ್ಲ, ಗುಡಿಸು ಅಥವಾ ಏತ್ವ ಬಂದೊಡನೆ ಉಳಿದವುಗಳಲ್ಲಿಯೂ ಅದು ಬೇರೆ ರೂಪ ತಾಳುತ್ತದೆ. ಎರಡು ಸಾಲುಗಳಿದ್ದಾಗ ಮೂರನೆಯ ಗೆರೆಯ ಉಪಯೋಗ ತಿಳಿಯುತ್ತದೆ. ಮೇಲಿನ ಸಾಲಿನ ಒತ್ತು ಮುಗಿಯುವ ಗೆರೆಯೂ ಕೆಳಗಿನ ಸಾಲಿನ ಗುಡಿಸು ತೊಡಗುವ ಎತ್ತರವೂ ಒಂದನ್ನೊಂದು ದಾಟಿದರೆ ಒತ್ತು ಗುಡಿಸಿನ ತಲೆಯ ಮೇಲೆ ಕೂರುತ್ತದೆ, ಓದುಗರು ಒಂದು ಕ್ಷಣ ತಡವರಿಸುತ್ತಾರೆ.

ಲಗ್ನಪತ್ರಿಕೆಯಲ್ಲಿ ಗೈಡಿನ ಕೆಲಸ ಅಂಚಿನದು. ಮುದ್ರಣವಾದ ಹಾಳೆಗಳ ಕಟ್ಟನ್ನು ಕಟಿಂಗ್ ಯಂತ್ರದ ಅಲಗು ಕತ್ತರಿಸುವಾಗ ಕೂದಲೆಳೆಯಷ್ಟಾದರೂ ಆಚೀಚೆ ಆಗುತ್ತದೆ. ಅಂಚಿನವರೆಗೂ ಬಣ್ಣವಿರುವ ಪತ್ರಿಕೆಯಲ್ಲಿ ಬಣ್ಣ ಸರಿಯಾಗಿ ಅಂಚಿಗೇ ನಿಂತಿದ್ದರೆ ಬಿಳಿಯ ಗೀರು ಉಳಿದುಬಿಡುವುದರಿಂದ ಅದನ್ನು ಎಲ್ಲ ಬದಿಗೂ ಸಾಮಾನ್ಯವಾಗಿ 3 ಮಿಲಿಮೀಟರ್ ಹೊರಕ್ಕೆ ಬಿಡುತ್ತಾರೆ. ಇದಕ್ಕೆ ಬ್ಲೀಡ್ ಎಂದು ಹೆಸರು. ಕತ್ತರಿಸಿದ ಮೇಲೆ 5×7 ಇಂಚು, ಎಂದರೆ 127 ಮತ್ತು 177.8 ಮಿಲಿಮೀಟರ್ ಇರಬೇಕಾದ ಪತ್ರಿಕೆಗೆ ಕಡತವನ್ನು 133 ಮತ್ತು 183.8 ಮಿಲಿಮೀಟರಿಗೆ ತೆರೆದು, ನಾಲ್ಕು ಬದಿಯಿಂದಲೂ 3 ಮಿಲಿಮೀಟರ್ ಒಳಗೆ ಅಲಗಿನ ಗೆರೆಯನ್ನು ಹಾಕಬೇಕು. ಅದಕ್ಕೂ 5 ಮಿಲಿಮೀಟರ್ ಒಳಗೆ ಇನ್ನೊಂದು ಗೆರೆ ಹಾಕಿ, ಹೆಸರು, ಮುಹೂರ್ತ, ಛತ್ರದ ವಿಳಾಸ ಯಾವುದೂ ಅದನ್ನು ದಾಟದಂತೆ ನೋಡಿಕೊಳ್ಳಬೇಕು. ನಮ್ಮ ಕಡೆ ಪತ್ರಿಕೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಕೊಡುವ ವಾಡಿಕೆಯಿರುವುದರಿಂದ ಮೂಲೆಗಳಲ್ಲಿ ಸಣ್ಣಕ್ಷರ ತುರುಕದಿರುವುದಕ್ಕೆ ಅಲಗಿನ ಜೊತೆಗೆ ಇನ್ನೊಂದು ಕಾರಣವೂ ಇದೆ.

ಛಾಯಾಚಿತ್ರವನ್ನೇ ಪರೀಕ್ಷಿಸಲು ಗೈಡು ಬಳಸುವುದು ಬೇರೆ ಬಗೆ. ವಿಜಯಪುರದ ಗೋಳಗುಮ್ಮಟವನ್ನು ಎದುರಿಗೆ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿ ತೆಗೆದರೆ ಮೂಲೆಗಳ ಏಳಂತಸ್ತಿನ ಮಿನಾರುಗಳು ಒಂದರತ್ತ ಒಂದು ವಾಲಿದಂತೆ ಕಾಣುತ್ತವೆ. ಎರಡು ಹೊರಅಂಚಿಗೂ ಒಂದೊಂದು ಲಂಬಗೆರೆ ಇಳಿಸಿದಾಗ ವಾಲಿಕೆ ಎಷ್ಟೆಂಬುದು ತಿಳಿಯುತ್ತದೆ, ಪರ್ಸ್ಪೆಕ್ಟಿವ್ ಎಂಬ ಸಲಕರಣೆಯಿಂದ ಮೇಲ್ಭಾಗವನ್ನು ಅಗಲಿಸಿ ಅವುಗಳನ್ನು ಗೆರೆಗೆ ತರಬಹುದು. ಪೂರ್ತಿ ಗೆರೆಗೆ ತಂದರೆ ಕಟ್ಟಡದ ತಲೆ ಭಾರವಾದಂತೆ ತೋರುವುದರಿಂದ ಎಳ್ಳಷ್ಟು ವಾಲಿಕೆಯನ್ನು ಉಳಿಸುವುದೇ ಕಣ್ಣಿಗೆ ಹಿತ. ಇಡೀ ಚಿತ್ರವೇ ಓರೆಯಾಗಿದ್ದರೆ ಗೈಡಿಗಿಂತ ಮೆಜರ್ ಅಥವಾ ರೂಲರ್ ಟೂಲ್ ಎಂಬ ಬೇರೆ ಸಲಕರಣೆ ಸಲೀಸು; ಅದನ್ನು ಕೆರೆಯ ಏರಿಯ ಗುಂಟವೋ ಸಮುದ್ರದ ಅಂಚಿನ ಗುಂಟವೋ ಎಳೆದರೆ ಕೋನವನ್ನು ಹೇಳುತ್ತದೆ, ಸ್ಟ್ರೇಟನ್ ಗುಂಡಿ ಒತ್ತಿದರೆ ಚಿತ್ರವನ್ನು ಅಷ್ಟೇ ತಿರುಗಿಸುತ್ತದೆ.

ಗಿಂಪ್‌ನಲ್ಲಿ ಗೈಡುಗಳ ಗುಂಟ ಚಿತ್ರವನ್ನೇ ತುಂಡುತುಂಡಾಗಿ ಕತ್ತರಿಸುವ ಆಜ್ಞೆಯೊಂದಿದೆ. ಹಳೆಯ ಆಲ್ಬಮ್ಮಿನ ಒಂದು ಪುಟವನ್ನು ಸ್ಕ್ಯಾನ್ ಮಾಡಿ ನಾಲ್ಕು ಫೋಟೋಗಳ ನಡುವೆ ಒಂದು ಅಡ್ಡಗೆರೆ, ಒಂದು ಲಂಬಗೆರೆ ಎಳೆದು ಆ ಆಜ್ಞೆ ಕೊಟ್ಟರೆ ನಾಲ್ಕು ಬೇರೆ ಚಿತ್ರಗಳು ಸಿಗುತ್ತವೆ. ಹಿಂದೆ ಅದರ ಹೆಸರು ಗಿಲೊಟಿನ್, ಫ್ರಾನ್ಸಿನ ಶಿರಚ್ಛೇದನ ಯಂತ್ರದ ಹೆಸರು. ಈಗ ಸ್ಲೈಸ್ ಎಂಬ ಸಾಧು ಹೆಸರು ಬಂದಿದೆ. ಇನ್ನು ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲೆ ಇಡಬೇಕೆಂಬ ನಿಯಮವನ್ನು ಕ್ರಾಪ್ ಸಲಕರಣೆಯೊಳಗೇ ಗೈಡುಗಳಾಗಿ ಕೊಟ್ಟಿರುತ್ತಾರೆ. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಗ್ರಾಮೀಣ ದೃಶ್ಯಗಳ ಕುರಿತ ತಮ್ಮ ಪುಸ್ತಕದಲ್ಲಿ ಹೇಳಿದ ಈ ಮೂರನೆಯ ಒಂದರ ಸೂತ್ರ ಆರಂಭಿಕರಿಗೆ ಊರುಗೋಲಾಗಬಲ್ಲದು. ಅದನ್ನು ಶಾಸನವೆಂದು ಹಿಡಿದವರ ಚಿತ್ರಗಳೆಲ್ಲ ಒಂದೇ ಅಚ್ಚಿನವಾಗುತ್ತವೆ.

ಗೈಡುಗಳೆಲ್ಲ ಸರಿಯಾಗಿದ್ದೂ ಕೆಲಸ ಕೆಡುವ ಕೊನೆಯ ಜಾಗವೊಂದು ಉಳಿದಿದೆ, ಅದು ಮುದ್ರಕದ ಪೆಟ್ಟಿಗೆ. ಅನೇಕ ಪ್ರಿಂಟರುಗಳು ಹಾಳೆಗೆ ಹೊಂದಿಸುವ ಆಯ್ಕೆಯನ್ನು ತಾವಾಗಿಯೇ ಹಿಡಿದುಕೊಂಡು ಇಡೀ ಚಿತ್ರವನ್ನು ತುಸು ಕುಗ್ಗಿಸಿಬಿಡುತ್ತವೆ. ಶೇಕಡಾ 97ಕ್ಕೆ ಕುಗ್ಗಿದರೂ 35 ಮಿಲಿಮೀಟರಿನ ಫೋಟೋ 34 ಆಗುತ್ತದೆ, ಪರದೆಯ ಮೇಲಿನ ಪಟ್ಟಿಗೆ ಇದರ ಸುಳಿವೂ ಇರುವುದಿಲ್ಲ. ಆದುದರಿಂದ ಮುದ್ರಣದ ಗಾತ್ರವನ್ನು ಶೇಕಡಾ 100 ಎಂದು ನಿಗದಿ ಮಾಡಿ, ಉಳಿದ ಪ್ರತಿಗಳಿಗೆ ಆಜ್ಞೆ ಕೊಡುವ ಮೊದಲು, ಹೊರಬಂದ ಮೊದಲ ಹಾಳೆಯ ಮೇಲೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ಇಟ್ಟು ಒಮ್ಮೆ ಅಳೆದು ನೋಡಬೇಕು.